ಗಡಿನಾಡಿನ ಕಾಡು ಮತ್ತು ಕೆನೆತ್ ಆಂಡರ್ಸನ್



ಆಗಸ್ಟ್ 30 ಕೆನೆತ್ ಆಂಡರ್ಸನ್ ಅವರು ತೀರಿಕೊಂಡ ದಿನ. ಕನ್ನಡ ಓದುವವರಿಗೆ ಈ ಹೆಸರನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಪೂರ್ಣಚಂದ್ರ ತೇಜಸ್ವಿಯವರು ಕಾಡಿನ ಕತೆಗಳು ಎಂಬ ಮಾಲೆಯಲ್ಲಿ ಆಂಡರ್ಸನ್ ಅವರ ಅನುಭವಗಳನ್ನು ಕನ್ನಡಕ್ಕೆ ತಂದ ಮೇಲೆ, ಬೆಳ್ಳಂದೂರಿನ ನರಭಕ್ಷಕ, ಪೆದ್ದಚೆರುವಿನ ರಾಕ್ಷಸ, ಜಾಲಹಳ್ಳಿಯ ಕುರ್ಕ, ಮುನಿಶಾಮಿ ಮತ್ತು ಮಾಗಡಿ ಚಿರತೆ ಎಂಬ ಪುಸ್ತಕಗಳು ನಮ್ಮಲ್ಲಿ ಎಷ್ಟೋ ಮನೆಗಳ ಕಪಾಟಿಗೆ ಬಂದಿವೆ. ಮಕ್ಕಳು ಅವನ್ನು ರಾತ್ರಿ ಓದಿ, ದೀಪ ಆರಿಸಲು ಹೆದರಿದ್ದೂ ಉಂಟು.

ಆದರೆ ಓಮಲೂರು, ಧರ್ಮಪುರಿ, ಪೆನ್ನಾಗರಂ, ಹೊಸೂರು, ದೇಂಕಣಿಕೋಟೆ ಕಡೆಯ ನಮಗೆ ಆಂಡರ್ಸನ್ ಬರೀ ಕತೆಗಾರರಲ್ಲ. ಅವರು ಹೆಚ್ಚಾಗಿ ಓಡಾಡಿದ ಕಾಡು ನಮ್ಮ ಕಾಡು. ಅವರ ಕಾಲದಲ್ಲಿ ಕೃಷ್ಣಗಿರಿ ಜಿಲ್ಲೆ ಇರಲಿಲ್ಲ. ಧರ್ಮಪುರಿ ಬೇರೆ ಜಿಲ್ಲೆಯಾದದ್ದು 1965ರಲ್ಲಿ. ಅದಕ್ಕೂ ಮೊದಲು ಜವಳಗಿರಿಯಿಂದ ಹಿಡಿದು ಓಮಲೂರಿನವರೆಗೆ ಎಲ್ಲವೂ ಒಂದೇ ಸೇಲಂ ಜಿಲ್ಲೆ. ಕಲೆಕ್ಟರರ ಕಚೇರಿ ಸೇಲಂನಲ್ಲಿತ್ತು. ಕಾಡಂಚಿನ ರೈತನ ಕಾಗದವೊಂದು ಧರ್ಮಪುರಿ ಕಡೆಯಿಂದ ತೊಪ್ಪೂರು ಕಣಿವೆ ಇಳಿದು ಸೇಲಂ ಸೇರಬೇಕಾದರೆ ಓಮಲೂರಿನ ರಸ್ತೆಯನ್ನೇ ಹಿಡಿಯಬೇಕಿತ್ತು. ಆ ಕಾಗದಕ್ಕೂ ಆಂಡರ್ಸನ್ ಅವರ ಕೋವಿಗೂ ಇದ್ದ ಸಂಬಂಧವೇ ಈ ಬರಹದ ವಿಷಯ. ಯಾವ ಪ್ರಾಣಿಯನ್ನು ಯಾರು ಯಾವಾಗ ಕೊಲ್ಲಬಹುದು ಎಂಬ ಕಟ್ಟಳೆಯನ್ನು ಯಾರು ಮಾಡುತ್ತಿದ್ದರು, ಅದರಲ್ಲಿ ನಮ್ಮ ಊರಿನವರ ಮಾತಿಗೆ ಎಷ್ಟು ಜಾಗವಿತ್ತು ಎಂಬುದನ್ನು ಅವರ ಬದುಕಿನ ಜೊತೆಗೇ ನೋಡೋಣ.

ಕೆನೆತ್ ಡಗ್ಲಸ್ ಸ್ಟೀವರ್ಟ್ ಆಂಡರ್ಸನ್ ಹುಟ್ಟಿದ್ದು 1910ರ ಮಾರ್ಚ್ 8ರಂದು, ಹೈದರಾಬಾದಿನ ಬೊಲಾರಂನಲ್ಲಿ. ಮೂಲದಲ್ಲಿ ಸ್ಕಾಟ್ಲೆಂಡಿನ ಮನೆತನ. ಆದರೆ ತಲೆಮಾರುಗಳಿಂದ ಭಾರತದಲ್ಲೇ ನೆಲೆ ನಿಂತವರು. ತಂದೆ ಸೈನ್ಯದ ಲೆಕ್ಕಪತ್ರ ಇಲಾಖೆಯಲ್ಲಿದ್ದರು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲೂ ಸೇಂಟ್ ಜೋಸೆಫ್ ಕಾಲೇಜಿನಲ್ಲೂ ಹುಡುಗ ಓದಿದ. ಕಾನೂನು ಕಲಿಯಲೆಂದು ತಂದೆ ಅವನನ್ನು ಎಡಿನ್‌ಬರೋಗೆ ಕಳಿಸಿದರು. ಅಲ್ಲಿ ಮನಸ್ಸು ನಿಲ್ಲಲಿಲ್ಲ. ಓದನ್ನು ಅರ್ಧಕ್ಕೇ ಬಿಟ್ಟು ಊರಿಗೆ ಮರಳಿದ. ವಕೀಲನಾಗಬೇಕಿದ್ದವನು ಮುಂದೆ ಬದುಕಿಡೀ ಕಾಡಿನ ಕಾನೂನಿನ ಒಳಗೇ ಓಡಾಡಿದ.

ಆಂಡರ್ಸನ್ ಜಮೀನುದಾರ ದೊರೆಯಾಗಿರಲಿಲ್ಲ, ಮಹಾರಾಜರ ಅತಿಥಿಯಾಗಿ ಬೇಟೆಗೆ ಬರುವ ಲಾಟ್ ಸಾಹೇಬರೂ ಆಗಿರಲಿಲ್ಲ. ಸುಮಾರು ಹದಿನೈದು ವರ್ಷ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ದುಡಿದರು. ಆಮೇಲೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ಹೆಂಡತಿ ಬ್ಲಾಸಮ್, ಮಗಳು ಜೂನ್, ಮಗ ಡೊನಾಲ್ಡ್. ಸಂಬಳಕ್ಕೆ ದುಡಿಯುವ ಎಲ್ಲರ ಹಾಗೆ ರಜೆ ಎಣಿಸಿಕೊಂಡು, ಕಾರಿನಲ್ಲಿ ಸಾಮಾನು ತುಂಬಿಕೊಂಡು ಅವರು ಬೆಂಗಳೂರಿನಿಂದ ಗಡಿ ದಾಟಿ ನಮ್ಮ ಕಡೆಗೆ ಬರುತ್ತಿದ್ದರು. ಹೊಸೂರು, ದೇಂಕಣಿಕೋಟೆ, ಅಂಚೆಟ್ಟಿ, ಅಲ್ಲಿಂದ ಕಾವೇರಿಯ ಕಡೆಗೆ ಇಳಿಯುವ ಕಾಡು, ಇತ್ತ ಪೆನ್ನಾಗರಂ, ಹೊಗೇನಕಲ್: ಅವರ ಪುಸ್ತಕಗಳಲ್ಲಿ ಈ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಕನ್ನಡವೂ ತಮಿಳೂ ಅವರಿಗೆ ಚೆನ್ನಾಗಿ ಬರುತ್ತಿತ್ತು. ಬೇರೆ ಬೇಟೆಗಾರರಿಗಿಲ್ಲದ ಒಂದು ಅನುಕೂಲ ಇದರಿಂದ ಅವರಿಗೆ ಸಿಕ್ಕಿತು. ದುಭಾಷಿಯ ಹಂಗಿಲ್ಲದೆ ಹಳ್ಳಿಯವರ ಮಾತನ್ನು ನೇರವಾಗಿ ಕೇಳಬಲ್ಲವರಾಗಿದ್ದರು.

ಇನ್ನು ಆ ಕಾಲದ ಕಟ್ಟಳೆಗಳ ವಿಚಾರ. ಮದರಾಸು ಪ್ರಾಂತ್ಯದಲ್ಲಿ ಕಾಡಾನೆಗಳನ್ನು ಉಳಿಸಲೆಂದು 1873ರಲ್ಲೇ ಕಾನೂನು ಬಂತು. ಮನಸ್ಸಿಗೆ ಬಂದಂತೆ ಆನೆಯ ಮೇಲೆ ಗುಂಡು ಹಾರಿಸುವುದು ಅಲ್ಲಿಗೆ ಅಪರಾಧವಾಯಿತು. 1882ರಲ್ಲಿ ಮದರಾಸು ಅರಣ್ಯ ಕಾಯಿದೆ ಬಂತು. ಒಂದು ಕಾಡನ್ನು ಮೀಸಲು ಮಾಡುವ ಮೊದಲು ಊರೂರಲ್ಲಿ ಜನರ ಭಾಷೆಯಲ್ಲೇ ಪ್ರಕಟಣೆ ಹೊರಡಿಸಿ, ಹಕ್ಕು ಇರುವವರು ಬಂದು ಹೇಳಿಕೊಳ್ಳಲು ಕನಿಷ್ಠ ಮೂರು ತಿಂಗಳು ಸಮಯ ಕೊಡಬೇಕೆಂದು ಆ ಕಾಯಿದೆ ಹೇಳಿತು. ಕಾಗದದ ಮೇಲೆ ಇದು ಒಳ್ಳೆಯ ಏರ್ಪಾಡು. ಆದರೆ ಓದು ಬರಹ ಬಾರದ ದನಗಾಹಿಗೆ, ಕಾಡಿನ ಪೂಜಾರಿಗೆ, ಮೂರು ತಿಂಗಳು ಮುಗಿದದ್ದು ಗೊತ್ತಾಗುವುದು ಗಾರ್ಡ್ ಬಂದು ದಾರಿಗೆ ಅಡ್ಡ ನಿಂತಾಗ ತಾನೆ?

ಒಮ್ಮೆ ಕಾಡು ಮೀಸಲಾದ ಮೇಲೆ ಬೇಟೆಗೆ ಲೈಸೆನ್ಸ್ ಬೇಕಾಯಿತು. ಶುಲ್ಕ ಕಟ್ಟಬೇಕು, ಹೇಳಿದ ಕಾಲದಲ್ಲೇ ಹೊಡೆಯಬೇಕು, ಹೇಳಿದಷ್ಟೇ ಹೊಡೆಯಬೇಕು. 1912ರ ಕಾಡುಹಕ್ಕಿ ಮತ್ತು ಕಾಡುಪ್ರಾಣಿ ಸಂರಕ್ಷಣಾ ಕಾಯಿದೆ ಜಿಂಕೆ, ಕಾಟಿ ಮುಂತಾದವಕ್ಕೆ ಬೇಟೆ ನಿಷಿದ್ಧವಾದ ತಿಂಗಳುಗಳನ್ನು ಗೊತ್ತುಮಾಡುವ ಅಧಿಕಾರವನ್ನು ಪ್ರಾಂತ್ಯದ ಸರ್ಕಾರಕ್ಕೆ ಕೊಟ್ಟಿತು. ಆ ಕಾಯಿದೆಯ ಪಟ್ಟಿಯಲ್ಲಿ ಹುಲಿಯೂ ಇರಲಿಲ್ಲ, ಚಿರತೆಯೂ ಇರಲಿಲ್ಲ. ಅವನ್ನು ಕೊಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿದ್ದ ಕಾಲ ಅದು. ಗಡಿಯಾಚೆ ಮೈಸೂರು ಸಂಸ್ಥಾನದಲ್ಲಿ 1901ರ ಬೇಟೆ ಮತ್ತು ಮೀನು ಸಂರಕ್ಷಣೆಯ ಕಾನೂನು ಬೇರೆಯೇ ಇತ್ತು. ಅಂದರೆ ಗಡಿಯ ಈಚೆ ಒಂದು ಕಟ್ಟಳೆ, ಆಚೆ ಇನ್ನೊಂದು. ಪ್ರಾಣಿಗೆ ಗಡಿಯಿಲ್ಲ, ಪರವಾನಗಿಗೆ ಇತ್ತು.

ಈ ಕಟ್ಟಳೆಗಳನ್ನು ಮಾಡುವಾಗ ಸರ್ಕಾರ ಯಾರನ್ನೂ ಕೇಳುತ್ತಿರಲಿಲ್ಲ ಎನ್ನುವಂತಿಲ್ಲ. ನಮ್ಮ ಪಕ್ಕದ ನೀಲಗಿರಿಯನ್ನೇ ನೋಡಿ. ಅಲ್ಲಿ 1877ರಲ್ಲೇ ಬೇಟೆಗಾರರ ಸಂಘವೊಂದು ಹುಟ್ಟಿತು. 1879ರಲ್ಲಿ ನೀಲಗಿರಿಗೆಂದೇ ಬೇಟೆ ಮತ್ತು ಮೀನು ಸಂರಕ್ಷಣೆಯ ಕಾಯಿದೆ ಬಂತು. ನಿಷಿದ್ಧ ತಿಂಗಳುಗಳು, ಲೈಸೆನ್ಸು, ಕಾವಲು ಇವೆಲ್ಲದರಲ್ಲೂ ಆ ಸಂಘದ ಮಾತು ನಡೆಯುತ್ತಿತ್ತು. ಆದರೆ ಅದರಲ್ಲಿದ್ದವರು ಹೆಚ್ಚಾಗಿ ತೋಟದ ದೊರೆಗಳು ಮತ್ತು ಅಧಿಕಾರಿಗಳು. ಸಾರ್ವಜನಿಕರು ಎಂದರೆ ಆಗ ಅವರೇ. ಬಡಗರಾಗಲಿ ಕುರುಂಬರಾಗಲಿ ಆ ಲೆಕ್ಕಕ್ಕೆ ಬರುತ್ತಿರಲಿಲ್ಲ.

ನಮ್ಮ ಸೇಲಂ ಕಾಡಿನ ಊರುಗಳಿಗೆ ಉಳಿದಿದ್ದ ಬಾಗಿಲು ಒಂದೇ, ಅರ್ಜಿ. ಅದೂ ಸಾವಾದ ಮೇಲೆ. ಹುಲಿ ಒಬ್ಬನನ್ನು ಒಯ್ದರೆ ಊರಿನವರು ಪಟೇಲರ ಮೂಲಕವೋ ಗಾರ್ಡಿನ ಮೂಲಕವೋ ಸುದ್ದಿ ಮುಟ್ಟಿಸಬೇಕು. ಸುದ್ದಿ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ ಹೋಗಬೇಕು. ಇಂಥ ಕಡೆ ಇಂಥ ಪ್ರಾಣಿ ನರಭಕ್ಷಕವಾಗಿದೆ ಅಥವಾ ಇಂಥ ಆನೆ ಪುಂಡಾಗಿದೆ ಎಂದು ಸರ್ಕಾರ ಘೋಷಿಸಬೇಕು. ಆಮೇಲೆ ಬೇಟೆಗಾರ ಬರಬೇಕು. ಅಷ್ಟರೊಳಗೆ ಇನ್ನೊಂದು ಮನೆಯ ದೀಪ ಆರಿರುತ್ತಿತ್ತು.

ಈ ಉದ್ದನೆಯ ದಾರಿಯ ಕೊನೆಯಲ್ಲಿ ನಿಂತಿದ್ದವರು ಆಂಡರ್ಸನ್. ಘೋಷಣೆಯಾದ ಪ್ರಾಣಿಯನ್ನು ಹುಡುಕಿಕೊಂಡು ಅವರು ಊರಿಗೆ ಬಂದು, ಮೊದಲು ಸತ್ತವರ ಮನೆಯವರನ್ನು ಮಾತಾಡಿಸುತ್ತಿದ್ದರು. ಎಲ್ಲಿ, ಯಾವ ಹೊತ್ತಿನಲ್ಲಿ, ಯಾವ ಕಡೆಯಿಂದ ಬಂತು, ಕುಂಟುತ್ತಿತ್ತೇ ಎಂದು ಒಂದೊಂದಾಗಿ ಕೇಳುತ್ತಿದ್ದರು. ಸರ್ಕಾರಿ ಲೆಕ್ಕದ ಪ್ರಕಾರ 1939ರಿಂದ 1966ರ ನಡುವೆ ಅವರು ಕೊಂದ ನರಭಕ್ಷಕ ಚಿರತೆಗಳು 8, ಹುಲಿಗಳು 7.

ಗುಮ್ಮಳಾಪುರದ ಚಿರತೆಯ ಪ್ರಸಂಗ ನಮ್ಮ ಗಡಿಯ ಊರುಗಳಿಗೆ ಚೆನ್ನಾಗಿ ಗೊತ್ತಿರಬೇಕಾದದ್ದು. ಆಂಡರ್ಸನ್ ಅವರ ಲೆಕ್ಕದಲ್ಲಿ ಅದು ತಿಂದವರು ನಲವತ್ತಕ್ಕೂ ಹೆಚ್ಚು. ಕತ್ತಲಾದರೆ ಊರೂರೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಮುಳ್ಳಿನ ಕಂತೆ ಅಡ್ಡ ಇಟ್ಟುಕೊಂಡು ಮಲಗುತ್ತಿದ್ದ ಜನ ರಾತ್ರಿ ಹೊರಕಡೆಗೂ ಹೋಗುತ್ತಿರಲಿಲ್ಲ. ಆಂಡರ್ಸನ್ ಮನುಷ್ಯನ ಗಾತ್ರದ ಬೊಂಬೆ ಇಟ್ಟು ರಾತ್ರಿಗಳನ್ನು ಕಾದರು. ಕೊನೆಯಲ್ಲಿ ಅವರ ಜೀವ ಉಳಿಸಿದ್ದು ಯಾರೂ ದಿಕ್ಕಿಲ್ಲದ ಒಂದು ಬೀದಿನಾಯಿ. ಗುಡಿಸಲಿನಲ್ಲಿ ಅವರ ಜೊತೆ ಬಂದು ಮಲಗಿದ್ದ ಅದು ಚಿರತೆಯ ಸುಳಿವು ಹಿಡಿದು ಗುರುಗುಟ್ಟಿತು. ಚಿರತೆ ಸತ್ತ ಮೇಲೆ ಆ ನಾಯಿಯನ್ನು ಅವರು ಬೆಂಗಳೂರಿನ ಮನೆಗೆ ಕರೆದೊಯ್ದು ನಿಪ್ಪರ್ ಎಂದು ಹೆಸರಿಟ್ಟು ಸಾಕಿದರು.

ಪೆನ್ನಾಗರಂ ಕಡೆಯ ಪಣಪಟ್ಟಿಯ ಪುಂಡಾನೆಯ ಕತೆಯೂ ಅವರ ಮೊದಲ ಪುಸ್ತಕದಲ್ಲೇ ಇದೆ. 1954ರಲ್ಲಿ ಬಂದ ಆ ಪುಸ್ತಕದ ಹೆಸರಿನಲ್ಲೇ ಒಂಬತ್ತು ನರಭಕ್ಷಕಗಳ ಜೊತೆ ಆ ಒಂದು ಆನೆಗೂ ಜಾಗ ಸಿಕ್ಕಿದೆ. ಮುಂದೆ ಹತ್ತು ಹದಿನೈದು ವರ್ಷಗಳಲ್ಲಿ ಪುಸ್ತಕದ ಮೇಲೆ ಪುಸ್ತಕ ಬಂದವು. ಶಿವನಿಪಳ್ಳಿಯ ಕರಿಚಿರತೆಯ ಪುಸ್ತಕ 1959ರದು. ದೇಂಕಣಿಕೋಟೆಯ ಪಕ್ಕದ ಪುಟ್ಟ ಹಳ್ಳಿಯೊಂದರ ಹೆಸರು ಲಂಡನ್ನಿನ ಪುಸ್ತಕದಂಗಡಿಯಲ್ಲಿ ಕಾಣಿಸಿಕೊಂಡಿತು.

ಹುಲಿ ನರಭಕ್ಷಕವಾಗುವುದು ಹುಟ್ಟುಗುಣದಿಂದಲ್ಲ ಎಂಬುದನ್ನು ಆಂಡರ್ಸನ್ ತಮ್ಮ ಬರಹದಲ್ಲಿ ಮತ್ತೆ ಮತ್ತೆ ತೋರಿಸಿದರು. ಮುಳ್ಳುಹಂದಿಯ ಮುಳ್ಳು ಚುಚ್ಚಿ ಪಂಜ ಕೆಟ್ಟಿರುತ್ತದೆ. ಇಲ್ಲವೇ ಯಾರೋ ಅರೆಬರೆ ಗುಂಡು ಹೊಡೆದು, ಗಾಯವಾದ ಪ್ರಾಣಿಯನ್ನು ಹುಡುಕುವ ಧೈರ್ಯವಿಲ್ಲದೆ ಮನೆಗೆ ಹೋಗಿರುತ್ತಾರೆ. ಶುಲ್ಕ ಕಟ್ಟಿ ಲೈಸೆನ್ಸ್ ಪಡೆದವನ ತಪ್ಪಿಗೆ, ಲೈಸೆನ್ಸ್ ಎಂದರೇನೆಂದೇ ತಿಳಿಯದ ಕಟ್ಟಿಗೆ ತರುವ ಹೆಂಗಸು ಬೆಲೆ ತೆರುತ್ತಿದ್ದಳು. ಕಟ್ಟಳೆ ಮಾಡುವಾಗ ಅವಳನ್ನು ಯಾರೂ ಕೇಳಿರಲಿಲ್ಲ.

ಬೈರನ ಮಾತು ಬಾರದೆ ಆಂಡರ್ಸನ್ ಅವರ ಕತೆ ಪೂರ್ತಿಯಾಗದು. ಬೈರ ಪೂಜಾರಿ ಕುಲದವನು, ಕಾಡಿನಲ್ಲೇ ಬದುಕಿದವನು. ಹೆಜ್ಜೆ ನೋಡಿ ಪ್ರಾಣಿಯ ವಯಸ್ಸು ಹೇಳಬಲ್ಲವನು. ಕಾನೂನಿನ ಕಣ್ಣಿಗೆ ಮಾತ್ರ ಆತ ಕಳ್ಳಬೇಟೆಗಾರ. ಪೆನ್ನಾಗರಂನ ರಂಗನದೂ ಹೆಚ್ಚುಕಡಿಮೆ ಇದೇ ಕತೆ. ಇವರಿಬ್ಬರನ್ನೂ ಹಿಡಿದುಕೊಡಬೇಕಾದ ಜಾಗದಲ್ಲಿ ಆಂಡರ್ಸನ್ ಗೆಳೆತನ ಮಾಡಿದರು, ಅವರಿಂದ ಕಲಿತರು, ಕಲಿತದ್ದನ್ನು ಹೆಸರು ಹೇಳಿ ಬರೆದರು. ಇದು ಅವರ ದೊಡ್ಡತನ ಎಂದು ನಾವು ಭಾವಿಸುತ್ತೇವೆ. ಹಾಗೆಂದು ಅವರನ್ನು ಋಷಿ ಮಾಡಿ ಕೂರಿಸಬೇಕಾಗಿಲ್ಲ. ಬೈರನಿಗೆ ಅಪರಾಧವಾದದ್ದು ತಮಗೆ ಹಕ್ಕಾದದ್ದು ಒಂದು ಲೈಸೆನ್ಸ್ ಕಾಗದದಿಂದ, ಅಷ್ಟೆ. ಕಾಡನ್ನು ಎಲ್ಲರಿಗಿಂತ ಹೆಚ್ಚು ಬಲ್ಲವನನ್ನು ಬಿಟ್ಟು ಮಾಡಿದ ಕಟ್ಟಳೆ ಅದು. ಆ ಕಟ್ಟಳೆಯನ್ನು ಬದಲಿಸಲು ಆಂಡರ್ಸನ್ ಕೈಯಲ್ಲಿ ಆಗಲಿಲ್ಲ. ಬೈರನನ್ನು ನಮ್ಮ ನೆನಪಿನಲ್ಲಿ ಉಳಿಸುವುದು ಮಾತ್ರ ಆಯಿತು.

ವಯಸ್ಸಾದಂತೆ ಅವರ ಬರಹದ ದನಿ ಬದಲಾಯಿತು. ಕೊಂದ ಲೆಕ್ಕ ಹಿಂದೆ ಸರಿದು, ಖಾಲಿಯಾಗುತ್ತಿರುವ ಕಾಡಿನ ಸಂಕಟ ಮುಂದೆ ಬಂತು. ಜೀಪಿನಲ್ಲಿ ಬಂದು ದೀಪ ಬಿಟ್ಟು ರಾತ್ರಿ ಹೊಡೆಯುವವರು, ಸತ್ತ ದನಕ್ಕೆ ವಿಷ ಹಾಕುವವರು ಹೆಚ್ಚಿದ್ದನ್ನು ಅವರು ಕಣ್ಣಾರೆ ಕಂಡರು. 1970ರಲ್ಲಿ ದೇಶದಲ್ಲಿ ಹುಲಿ ಬೇಟೆ ನಿಂತಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1973ರ ಏಪ್ರಿಲ್‌ನಲ್ಲಿ ಹುಲಿ ಯೋಜನೆ ಶುರುವಾಯಿತು. ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಇಷ್ಟನ್ನೂ ನೋಡಿ, 1974ರ ಆಗಸ್ಟ್ 30ರಂದು ಬೆಂಗಳೂರಿನಲ್ಲಿ ಕ್ಯಾನ್ಸರಿನಿಂದ ಆಂಡರ್ಸನ್ ತೀರಿಕೊಂಡರು. ಆಗ ಅವರಿಗೆ 64 ವರ್ಷ. ಕೊನೆಯ ಪುಸ್ತಕ ಅಚ್ಚಾಗಿ ಬಂದದ್ದು ಎರಡು ವರ್ಷದ ನಂತರ.

ಅವರು ಸುತ್ತಿದ ಕಾಡುಗಳಿಗೆ ಈಗ ಹೊಸ ಹೆಸರುಗಳು ಬಂದಿವೆ. 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮ, 2022ರಲ್ಲಿ ಕಾವೇರಿ ದಕ್ಷಿಣ ವನ್ಯಜೀವಿಧಾಮ ಘೋಷಣೆಯಾದವು. ಹೊಳೆಯಾಚೆ ಕರ್ನಾಟಕದ ಕಾವೇರಿ ವನ್ಯಜೀವಿಧಾಮ 1987ರಿಂದಲೇ ಇದೆ. ಆನೆಗೆ ಎರಡು ರಾಜ್ಯವೂ ಒಂದೇ ಕಾಡು.

ಇಂದು ಮನಸ್ಸಿಗೆ ಬಂದವರು ಲೈಸೆನ್ಸ್ ಕಟ್ಟಿ ಬೇಟೆಗೆ ಹೊರಡುವಂತಿಲ್ಲ. ಮನುಷ್ಯರ ಜೀವಕ್ಕೆ ಅಪಾಯವಾದ ಹುಲಿಯನ್ನಾಗಲಿ ಆನೆಯನ್ನಾಗಲಿ ಕೊಲ್ಲಬೇಕಾದರೆ ರಾಜ್ಯದ ಮುಖ್ಯ ವನ್ಯಜೀವಿ ಪಾಲಕರು ಕಾರಣ ಬರೆದು ಆದೇಶ ಕೊಡಬೇಕು. ಹಿಡಿಯಲು, ಮದ್ದು ಕೊಟ್ಟು ಮಲಗಿಸಲು, ಬೇರೆ ಕಡೆ ಸಾಗಿಸಲು ಆಗುವುದಿಲ್ಲ ಎಂದು ಅವರಿಗೆ ಮನವರಿಕೆಯಾಗಿರಬೇಕು. ಸಾವಿರಾರು ರೂಪಾಯಿಯ ರಾಗಿ, ನೆಲಗಡಲೆ ಒಂದೇ ರಾತ್ರಿ ಹೋದ ರೈತನಿಗೆ ಇದು ಕಟುವಾಗಿ ಕಾಣಬಹುದು. ಆದರೆ ಅವನ ಮಾತಿಗೂ ಬೆಲೆ ಬರುತ್ತದೆ ಎಂಬುದಕ್ಕೆ ಈಚಿನ ಉದಾಹರಣೆಯೊಂದಿದೆ. ಕಾಡುಹಂದಿಯ ಹಾವಳಿಯ ಬಗ್ಗೆ ತಮಿಳುನಾಡಿನ ರೈತರು ವರ್ಷಗಟ್ಟಲೆ ಕೇಳಿಕೊಂಡ ಮೇಲೆ, 2025ರ ಜನವರಿಯಲ್ಲಿ ಸರ್ಕಾರ ಒಂದು ಅಳತೆ ಗೊತ್ತುಮಾಡಿತು. ಮೀಸಲು ಕಾಡಿನಿಂದ ಒಂದು ಕಿಲೋಮೀಟರ್ ಒಳಗೆ ಹಂದಿಯನ್ನು ಕೊಲ್ಲುವಂತಿಲ್ಲ. ಒಂದರಿಂದ ಮೂರರ ನಡುವೆ ಹಿಡಿದು ಕಾಡಿಗೆ ಬಿಡಬೇಕು. ಮೂರರ ಆಚೆ ಅರಣ್ಯ ಇಲಾಖೆಯವರು ಗುಂಡು ಹಾರಿಸಬಹುದು. ರೈತ ತಾನೇ ಹೊಡೆಯುವಂತಿಲ್ಲ. ಈ ಅಳತೆ ಸರಿಯೋ ತಪ್ಪೋ ಎಂಬ ವಾದ ಇರಲಿ. ಕೇಳಿದ್ದರಿಂದ ಕಟ್ಟಳೆ ಬದಲಾಯಿತು ಎಂಬುದು ಮುಖ್ಯ.

ನಮ್ಮ ಮಕ್ಕಳು ಕೆಲಸಕ್ಕೆ ಹೋಗಿರುವ ಅಮೆರಿಕದಲ್ಲಿ ಬೇಟೆ ಇನ್ನೂ ಕಾನೂನುಬದ್ಧ. ಅಲ್ಲಿನ ವಿಸ್ಕಾನ್ಸಿನ್ ರಾಜ್ಯದಲ್ಲಿ 1934ರಿಂದ ಒಂದು ಪದ್ಧತಿ ಇದೆ. ವರ್ಷಕ್ಕೊಮ್ಮೆ ವಸಂತಕಾಲದಲ್ಲಿ 72 ಕೌಂಟಿಗಳಲ್ಲೂ ಸಭೆ ಸೇರುತ್ತದೆ. ಮುಂದಿನ ಬೇಟೆಯ ಕಾಲ, ಹೊಡೆಯಬಹುದಾದ ಸಂಖ್ಯೆ ಇಂಥವುಗಳ ಬಗ್ಗೆ ಯಾರು ಬೇಕಾದರೂ ಬಂದು ತಮ್ಮ ಮತ ಹೇಳಬಹುದು. ಅದು ಸಲಹೆ ಮಾತ್ರ, ತೀರ್ಮಾನ ಬೇರೆಯವರದು. ಆದರೂ ಸಭೆ ನಡೆಯುವುದು ಕಟ್ಟಳೆ ಆಗುವುದಕ್ಕೆ ಮುಂಚೆ. ಬೇಟೆಯನ್ನು ನಾವು ಬಿಟ್ಟಿದ್ದೇವೆ, ಅದು ಒಳ್ಳೆಯದೇ ಆಯಿತು. ಮುಂಚೆಯೇ ಕೇಳುವ ಆ ಪದ್ಧತಿಯನ್ನು ಮಾತ್ರ ಬಿಡಬೇಕಾಗಿಲ್ಲ.

ನಮ್ಮ ಕಾನೂನಿನಲ್ಲೂ ಅದಕ್ಕೆ ಜಾಗಗಳಿವೆ. ವನ್ಯಜೀವಿಧಾಮದ ಗಡಿ ಗೊತ್ತುಮಾಡುವಾಗ ಕಲೆಕ್ಟರು ಜನರ ಹಕ್ಕುಗಳನ್ನು ವಿಚಾರಿಸಬೇಕು. 2006ರ ಅರಣ್ಯ ಹಕ್ಕು ಕಾಯಿದೆ ಗ್ರಾಮಸಭೆಗೆ ಮಾತಾಡುವ ಅಧಿಕಾರ ಕೊಟ್ಟಿದೆ. ಬೇಟೆಯ ಹಕ್ಕನ್ನು ಮಾತ್ರ ಅದು ಕೊಟ್ಟಿಲ್ಲ. ಬೈರನ ಕುಲದವರು ಇಂದು ಗ್ರಾಮಸಭೆಯಲ್ಲಿ ಕೂತು ತಮ್ಮ ಕಾಡಿನ ಬಗ್ಗೆ ಮಾತಾಡಬಹುದು. ಆಂಡರ್ಸನ್ ಕಾಲದಲ್ಲಿ ಈ ಅವಕಾಶ ಇರಲಿಲ್ಲ.

ಆದ್ದರಿಂದ ಕಾಡಂಚಿನಲ್ಲಿ ಜಮೀನಿರುವ ನಮ್ಮ ಸದಸ್ಯರಲ್ಲಿ ಒಂದು ವಿನಂತಿ. ಆನೆಯೋ ಹಂದಿಯೋ ಹೊಲಕ್ಕೆ ಬಂದರೆ ಬೇಲಿಗೆ ಕರೆಂಟು ಕೊಡುವುದು, ಹಣ್ಣಿನಲ್ಲಿ ನಾಡಬಾಂಬು ಇಡುವುದು ಯಾವತ್ತೂ ಬೇಡ. ಅದು ಅಪರಾಧ, ಮನುಷ್ಯರನ್ನೂ ಕೊಲ್ಲುತ್ತದೆ. ಅಂದೇ ಫೋಟೊ ತೆಗೆದು, ಅರ್ಜಿ ಬರೆದು, ರೇಂಜ್ ಕಚೇರಿಗೂ ಗ್ರಾಮಾಧಿಕಾರಿಗೂ ಕೊಡಿ. ಕೊಟ್ಟದ್ದರ ಒಂದು ಪ್ರತಿ ಇಟ್ಟುಕೊಳ್ಳಿ. ಗ್ರಾಮಸಭೆಯಲ್ಲಿ ವಿಷಯ ಎತ್ತಿ, ದಾಖಲೆಗೆ ಸೇರಿಸಿ. ತಮಿಳಿನಲ್ಲಿ ಬರೆಯಲು ತೊಡಕಾದರೆ ಸಂಘದವರು ಬರೆದುಕೊಡಲು ಸಿದ್ಧರಿದ್ದೇವೆ. ಸಾವಾಗುವವರೆಗೆ ಕಾಯುವುದು ಹಳೆಯ ಕಾಲದ ಪಾಡು, ಅದು ನಮಗೆ ಬೇಡ.

ಕೊನೆಯದಾಗಿ, ಜವಳಗಿರಿ, ಗುಮ್ಮಳಾಪುರ, ಅಂಚೆಟ್ಟಿ, ಪೆನ್ನಾಗರಂ ಕಡೆಯ ಹಿರಿಯರು ಆಂಡರ್ಸನ್ ಅವರನ್ನು ನೋಡಿದ್ದೋ, ಅವರ ಬಗ್ಗೆ ಅಪ್ಪ ಅಜ್ಜಂದಿರಿಂದ ಕೇಳಿದ್ದೋ ಇದ್ದರೆ ದಯವಿಟ್ಟು ನಮಗೆ ಬರೆದು ಕಳಿಸಿ, ಇಲ್ಲವೇ ಮೊಮ್ಮಕ್ಕಳ ಕೈಯಲ್ಲಿ ಬರೆಸಿ. ಇಂಗ್ಲಿಷ್ ಪುಸ್ತಕದಲ್ಲಿ ಬೇಟೆಗಾರರ ಮಾತಿದೆ. ಅವರಿಗೆ ದಾರಿ ತೋರಿಸಿದ ಊರಿನವರ ಮಾತನ್ನು ಬರೆದಿಡುವ ಕೆಲಸ ನಮ್ಮದು.